ಮೊಟ್ಟೆಯ ಎಳೆ

ಕುದಿಯುವ ಸಾರಿಗೆ ಕಲಕಿದ ಮೊಟ್ಟೆಯನ್ನು ನೂಲಿನಷ್ಟು ಸಣ್ಣಗೆ ಬಿಟ್ಟರೆ ಅದು ಮೊದಲು ತಳಕ್ಕಿಳಿದು ಕಾಣೆಯಾಗುತ್ತದೆ. ಹಾಳಾಯಿತು ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಮೆಲ್ಲಗೆ ಮೇಲೇಳುತ್ತದೆ. ಒಗೆದು ಒಗೆದು ತೆಳುವಾದ ಹಳೆಯ ಪಂಚೆಯ ಹಾಗೆ, ಬಿಳಿ ಹಳದಿ ಎಳೆಗಳಾಗಿ ಬಿಚ್ಚಿಕೊಂಡು ಪಾತ್ರೆಯ ತುಂಬ ಹರಡುತ್ತದೆ. ಚೀನೀ ಬಗೆಯ ಈ ಸೂಪನ್ನು ನಾನು ಈಗಲೂ ಆಗಾಗ ಮಾಡುತ್ತೇನೆ. ಮಾಡುವಾಗಲೆಲ್ಲ ಎಳೆ ಮೇಲೇಳುವ ತನಕ ಉಸಿರು ಹಿಡಿದು ನಿಲ್ಲುತ್ತೇನೆ. ಆಗ ಕಣ್ಣ ಮುಂದೆ ಬರುವುದು ನಮ್ಮ ಹಳೆಯ ಮನೆಯ ಅಡುಗೆಕೋಣೆ, ಅಲ್ಲಿ ಕೈಯೆತ್ತಿ ನಿಂತ ಅವ್ವ, ಮತ್ತು ಅಕ್ಕ ಕುಮುದ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ಆ ಬೇಸಿಗೆ.

ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹುಟ್ಟಿತು, ಅಳಲಿಲ್ಲ. ಹೆಣ್ಣುಮಗು. ಅಪ್ಪ ಮತ್ತು ಭಾವ ಶಾಂತರಾಜ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಬಿಸಿಲೇರಿದ ಮೇಲೆ ತಲೆಗೆ ನೀರು ಹಾಕಿಕೊಂಡು ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಯಾರೂ ಕೇಳಲಿಲ್ಲ. ಭಾವ ಕೆಲವು ದಿನ ನಮ್ಮ ಜಗಲಿಯ ಮೇಲೆ ಕೂತಿದ್ದು, ಕೆಲಸಕ್ಕೆ ಇನ್ನು ರಜೆ ಇಲ್ಲವೆಂದು ಹೊರಟು ನಿಂತರು. ಕೋಣೆಯ ಬಾಗಿಲಲ್ಲಿ ನಿಂತು, "ಬರ್ತೀನಿ ಕುಮುದ" ಅಂದರು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಹ್ಞೂಂ" ಅಂದಳು. ಅವರು ಚೀಲ ತೆಗೆದುಕೊಂಡು ಹೋದರು.

ಮನೆಯಲ್ಲಿ ನಿಲ್ಲದೆ ನಡೆದದ್ದು ಅವ್ವ ಅಕ್ಕನಿಗೆ ಮಾಡುತ್ತಿದ್ದ ಬಾಣಂತನ ಒಂದೇ. ಅವಳು ನಸುಕಿನಲ್ಲೇ ಎದ್ದು ಹಂಡೆಗೆ ಉರಿ ಹಾಕುತ್ತಿದ್ದಳು. ಅಕ್ಕನ ಮೈಗೆ ಎಣ್ಣೆ ತಿಕ್ಕಿ, ಸುಡುಸುಡುವ ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು, ಸೊಂಟಕ್ಕೆ ಸೀರೆ ಬಿಗಿದು ಮಲಗಿಸುತ್ತಿದ್ದಳು. ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತಿತ್ತು, ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗಾಗುತ್ತಿತ್ತು. ಒಣ ಕೊಬ್ಬರಿ, ಅಂಟಿನುಂಡೆ, ಹುರಿದು ಕುಟ್ಟಿಟ್ಟ ಬಾಣಂತಿ ಖಾರ, ಯಾವುದನ್ನೂ ಬಿಡಲಿಲ್ಲ. ಸಬ್ಬಸಿಗೆ ಸೊಪ್ಪನ್ನು ಮಾತ್ರ ತರಲಿಲ್ಲ; ಅದು ಹಾಲು ಹೆಚ್ಚಿಸುತ್ತದೆ. ಅದರ ಬದಲು ದಿನಾ ಮಲ್ಲಿಗೆ ತರಿಸಿ, ಅಕ್ಕನ ಎದೆಗೆ ಇಟ್ಟು ಬಟ್ಟೆ ಕಟ್ಟುತ್ತಿದ್ದಳು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದಂತೆ. ಕೋಣೆಯಲ್ಲೆಲ್ಲ ಬಾಡಿದ ಮಲ್ಲಿಗೆಯ ವಾಸನೆ. ಇವತ್ತಿಗೂ ಮದುವೆ ಮನೆಗಳಲ್ಲಿ ಆ ವಾಸನೆ ಗಾಢವಾಗಿ ಬಂದರೆ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ಅಕ್ಕ ಎಲ್ಲದಕ್ಕೂ ಮೈಯೊಡ್ಡುತ್ತಿದ್ದಳು, ಊಟಕ್ಕೆ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ.

"ಎರಡು ತುತ್ತು ತಿನ್ನೇ ಮಗಾ."

"ಬೇಡವ್ವ."

"ಹಸಿ ಮೈ ಕಣೆ ಇದು. ಈಗ ನೋಡ್ಕೊಳ್ದಿದ್ರೆ ಮುಂದೆ ಸೊಂಟ ನಿಲ್ಲಲ್ಲ."

"ಯಾರನ್ನ ಎತ್ತಾಡ್ಬೇಕು, ಈ ಸೊಂಟ ಇಟ್ಕೊಂಡು?"

ಅವ್ವ ತಟ್ಟೆಯನ್ನು ಅಲ್ಲಿಯೇ ಇಟ್ಟು ಹೊರಗೆ ಬರುತ್ತಿದ್ದಳು. ಸಾರು ಆರಿ, ಮೇಲೆ ತುಪ್ಪ ಹೆಪ್ಪುಗಟ್ಟಿ, ತಟ್ಟೆ ಹಾಗೆಯೇ ವಾಪಸು ಬರುತ್ತಿತ್ತು. ಅವ್ವ ಅದನ್ನು ಹಿತ್ತಲಲ್ಲಿ ಸುರಿದು, ಕೈ ತೊಳೆದು, ಸಂಜೆಯ ಸಾರಿಗೆ ಮತ್ತೆ ಮೆಣಸು ಕುಟ್ಟುತ್ತಿದ್ದಳು. ಅಪ್ಪ ಊರಿನ ನೀರಿನ ಟ್ಯಾಂಕಿನಲ್ಲಿ ಕೆಲಸಕ್ಕಿದ್ದರು. ಬೀದಿ ಬೀದಿಗೆ ನೀರು ಬಿಟ್ಟು ಮಧ್ಯಾಹ್ನ ಬಂದು, ಹಾಕಿದ್ದನ್ನು ಉಂಡು, ಮಾತಿಲ್ಲದೆ ಎದ್ದುಹೋಗುತ್ತಿದ್ದರು. ನಾನು ಕಾಲೇಜಿನ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ನಮ್ಮ ಮನೆಯಲ್ಲಿ ಆಗ ಯಾರೂ ಅಳುತ್ತಿರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಎಲ್ಲರೂ ದಣಿದಿದ್ದೆವು.

ಒಂದು ದಿನ ಪಕ್ಕದ ಮನೆಯ ಚಿಕ್ಕತಾಯಮ್ಮ ಬಂದು ಕೂತರು. ಕೆಟ್ಟವರಲ್ಲ, ಬಾಯಿಗೆ ಬಂದದ್ದನ್ನು ಆಡುವವರು. ಒಲೆಯ ಮೇಲಿದ್ದ ಸಾರನ್ನು ನೋಡಿ, "ಮಗೂನೇ ಉಳೀಲಿಲ್ಲ ಅಂದ್ಮೇಲೆ ಇಷ್ಟೊಂದು ಬಾಣಂತನ ಯಾತಕ್ಕೆ ತಾಯಿ? ನೀವೂ ಸುಸ್ತು, ಅವಳೂ ಸುಸ್ತು. ಬಿಟ್ಬಿಡಿ, ತಾನೇ ಎದ್ದು ಓಡಾಡ್ತಾಳೆ" ಅಂದರು.

ಅವ್ವ ಮೆಣಸು ಕುಟ್ಟುವುದನ್ನು ನಿಲ್ಲಿಸಿದಳು.

"ಎದ್ದು ಹೋಗಿ ಇಲ್ಲಿಂದ."

"ಅಯ್ಯೋ, ನಾನು ಹೇಳಿದ್ದು..."

"ಹೋಗಿ ಅಂದೆ."

ಅವ್ವನ ಬಾಯಲ್ಲಿ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದವಳಲ್ಲ ಅವಳು. ಚಿಕ್ಕತಾಯಮ್ಮ ಸೆರಗು ಹೊದ್ದುಕೊಂಡು ಹೊರಟುಹೋದರು. ಅವ್ವ ಮತ್ತೆ ಕುಟ್ಟತೊಡಗಿದಳು. ಒನಕೆ ಒರಳಿಗೆ ಬೀಳುವ ಸದ್ದು ಮೊದಲಿಗಿಂತ ಜೋರಾಗಿತ್ತು. ಮಗಳ ಮೇಲಿನ ಮಮತೆಯಿಂದ ಸಿಟ್ಟು ಬಂದಿದೆ ಎಂದು ನಾನು ಅಂದುಕೊಂಡೆ. ಅದು ಅರ್ಧ ನಿಜವಾಗಿತ್ತು.

ಅಕ್ಕನ ಕೆನ್ನೆ ಒಳಗೆ ಹೋಗಿತ್ತು. ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದಳು. ಆಸ್ಪತ್ರೆಯ ಡಾಕ್ಟರು, "ಹೀಗೆ ಊಟ ಬಿಟ್ಟರೆ ಮತ್ತೆ ಇಲ್ಲಿಗೇ ತರಬೇಕಾಗುತ್ತೆ" ಎಂದು ಎಚ್ಚರಿಸಿದ್ದರು. ನಾನು ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು, ತಲೆ ಬಾಚುವ ನೆವದಲ್ಲಿ ಕೇಳಿದೆ.

"ಯಾಕೆ ತಿನ್ನಲ್ಲ ಅಕ್ಕಾ? ಅವ್ವನ ಮೇಲೆ ಕೋಪಾನಾ?"

"ಕೋಪ ಯಾತಕ್ಕೆ?" ಅಕ್ಕ ಹೊದಿಕೆಯ ಅಂಚನ್ನು ಮಡಚಿದಳು. "ನಾನು ಇಲ್ಲಿಗೆ ಬಂದಾಗಿಂದ ಅವ್ವ ಒಂದೊಂದೇ ತಂದು ಡಬ್ಬಿಗೆ ತುಂಬ್ತಿದ್ಲಲ್ಲ... ಮೆಣಸು, ಬೆಳ್ಳುಳ್ಳಿ, ಕೊಬ್ಬರಿ. ಆಗ ಹೊಟ್ಟೆ ಮೇಲೆ ಕೈಯಿಟ್ಕೊಂಡು ಹೇಳ್ತಿದ್ದೆ ಕಣೆ ಅವಳಿಗೆ, ನೋಡು, ಇದೆಲ್ಲ ನಿನಗೆ ಹಾಲಾಗುತ್ತೆ ಅಂತ. ಈಗ ತುತ್ತು ಬಾಯಿಗಿಟ್ರೆ ಅವಳ ಪಾಲನ್ನ ನಾನು ತಿಂದ ಹಾಗಾಗುತ್ತೆ. ಗಂಟಲಲ್ಲಿ ಇಳಿಯಲ್ಲ."

ಜಡೆ ಹಾಕಿ ಮುಗಿಸಿ ಹೊರಗೆ ಬಂದೆ. ಅವಳು ಹೇಳಿದ್ದು ನನ್ನನ್ನು ಬಿಡಲಿಲ್ಲ. ಆ ಮನೆಯಲ್ಲಿದ್ದ ತಿನ್ನುವ ವಸ್ತುಗಳೆಲ್ಲ ಆ ಮಗುವಿಗಾಗಿ ಕಾದಿದ್ದವು. ಯಾರ ಪಾಲೂ ಅಲ್ಲದ, ಯಾರ ನೆನಪೂ ಅಂಟದ ಒಂದು ಊಟ ಎಲ್ಲಿಯಾದರೂ ಇದೆಯೇ?

ಸಿನಿಮಾ ಟಾಕೀಸಿನ ಹತ್ತಿರ, ಬಾಗಿಲಿಗೆ ಕೆಂಪು ಬಣ್ಣ ಬಳಿದ ಒಂದು ಚೈನೀಸ್ ಹೋಟೆಲಿತ್ತು. ಗೆಳತಿಯೊಬ್ಬಳು ಹುಟ್ಟುಹಬ್ಬಕ್ಕೆಂದು ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಆಗ ಕುಡಿದಿದ್ದೆ ಆ ಮೊಟ್ಟೆಯ ಸೂಪನ್ನು. ನಮ್ಮ ಮನೆಯ ಯಾವ ಸಾರಿನಂತೆಯೂ ಇರಲಿಲ್ಲ ಅದು. ಒಗ್ಗರಣೆ ಇಲ್ಲ, ಹುಳಿ ಇಲ್ಲ, ಖಾರವೂ ಇಲ್ಲ. ಗಂಟಲಲ್ಲಿ ಇಳಿದದ್ದೇ ತಿಳಿಯುವುದಿಲ್ಲ.

ಅಕ್ಕ ಹಾಗೆ ಹೇಳಿದ ಮರುದಿನ ಆ ಹೋಟೆಲಿನ ಹಿಂಬಾಗಿಲಿಗೆ ಹೋಗಿ ನಿಂತೆ. ಅಡುಗೆಯವನು ಎಲ್ಲಿಯೋ ದೂರದ ಬೆಟ್ಟದ ಸೀಮೆಯವನು. ಊರಿನವರು ಅವನನ್ನು ಚೀನಾದವನೆಂದೇ ನಂಬಿದ್ದರು. ಅವನೂ ಹೇಳಿ ಹೇಳಿ ಸಾಕಾಗಿ ತಿದ್ದುವುದನ್ನು ಬಿಟ್ಟಿದ್ದ. ಬೀಡಿ ಆರಿಸಿ ನನ್ನ ಮಾತನ್ನು ಕೇಳಿದ.

"ಯಾರಿಗೆ? ಹುಷಾರಿಲ್ಲವಾ?"

"ನಮ್ಮಕ್ಕನಿಗೆ. ಊಟ ಸೇರ್ತಿಲ್ಲ."

"ಹಾಗಾದ್ರೆ ಸಾಸ್ ಬೇಡ. ಉಪ್ಪು ಕಮ್ಮಿ." ಅವನು ಗಾಳಿಯಲ್ಲಿ ಪಾತ್ರೆಯೊಂದನ್ನು ತಿರುಗಿಸಿ ತೋರಿಸಿದ. "ತರಕಾರಿ ಬೇಯಿಸಿ ನೀರು ಸೋಸಿ. ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕಲಸಿ ಹಾಕಿ, ಸ್ವಲ್ಪ ಗಟ್ಟಿ ಆಗುತ್ತೆ. ಆಮೇಲೆ ಬೆಂಕಿ ಸಣ್ಣ. ನೀರು ತಿರುಗ್ತಾ ಇರಬೇಕು. ಮೊಟ್ಟೆ ಮೇಲಿಂದ, ಹೀಗೆ, ದಾರ. ಅವಸರ ಮಾಡಿದ್ರೆ ಹೋಯ್ತು." ಒಳಗೆ ಹೋಗಿ ಒಂದಿಷ್ಟು ಕಾರ್ನ್‌ಫ್ಲೋರನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ನನ್ನ ಕೈಗಿಟ್ಟ.

ಅವ್ವ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಹೊತ್ತು ನೋಡಿ ನಾನು ಒಲೆ ಹಚ್ಚಿದೆ. ಕೋಸು, ಕ್ಯಾರೆಟ್ಟು, ಒಂದು ಚೂರು ಶುಂಠಿ ಹಾಕಿ ಕುದಿಸಿದೆ, ನೀರನ್ನು ಸೋಸಿದೆ. ಕಾರ್ನ್‌ಫ್ಲೋರ್ ಹಾಕಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಮೊಟ್ಟೆ ಹುಯ್ಯುವಾಗ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಸೌಟು. ಎಡಗೈ ತಿರುಗಿಸಿದರೆ ಬಲಗೈ ನಡುಗುತ್ತಿತ್ತು. ಅವ್ವ ಬಂದುಬಿಟ್ಟಾಳೆಂಬ ಗಾಬರಿ ಬೇರೆ. ಬಟ್ಟಲಲ್ಲಿದ್ದದ್ದೆಲ್ಲ ಒಟ್ಟಿಗೇ ಜಾರಿ ಬಿತ್ತು. ಎಳೆಯಾಗಿ ಮೇಲೇಳಬೇಕಾಗಿದ್ದದ್ದು ಹತ್ತಿಯ ಮುದ್ದೆಯಂತೆ ಗಂಟುಗಂಟಾಗಿ ತೇಲಿತು.

"ಏನೇ ಇದು?"

ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಸೂಪು. ಚೈನೀಸು... ಅಕ್ಕನಿಗೆ."

ಅವಳು ಹತ್ತಿರ ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಪಕ್ಕದಲ್ಲಿ, ಬೆಳಿಗ್ಗೆಯಿಂದ ಮುಚ್ಚಿಟ್ಟಿದ್ದ ತನ್ನ ಮೆಣಸಿನ ಸಾರನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ದಣಿದ ದನಿಯಲ್ಲಿ ಕೇಳಿದಳು: "ನನ್ನ ಸಾರು ಏನು ಪಾಪ ಮಾಡಿತ್ತು?"

ಹೇಳಬಾರದಿತ್ತೋ ಹೇಳಬೇಕಿತ್ತೋ, ಅಕ್ಕ ನನಗೆ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಮಗುವಿನ ಪಾಲು ಎಂಬ ಮಾತು ಬಂದಾಗ ಅವ್ವ ಮೆಲ್ಲಗೆ ಮಣೆಯ ಮೇಲೆ ಕೂತಳು. ನಿಂತೇ ಇರುತ್ತಿದ್ದ ಹೆಂಗಸು. ಕೆಲಸದ ನಡುವೆ ಅವಳು ಕೂತದ್ದನ್ನು ನಾನು ನೋಡಿದ್ದು ಕಡಿಮೆ.

"ನಿಮ್ಮಕ್ಕನಿಗಿಂತ ಮುಂಚೆ ನನಗೊಂದು ಹುಟ್ಟಿತ್ತು" ಅಂದಳು. "ಗಂಡು."

ನಾನು ಸೌಟು ಕೆಳಗಿಟ್ಟೆ.

"ಅದೂ ಹಿಂಗೇ, ಅಳಲಿಲ್ಲ. ನನ್ನವ್ವ ಆಗಲೇ ಹೋಗ್ಬಿಟ್ಟಿದ್ಲು, ತವರು ಅನ್ನೋದು ಇರ್ಲಿಲ್ಲ. ಹೆರಿಗೆ ಅತ್ತೆ ಮನೇಲೇ ಆಯ್ತು. ಕೂಸನ್ನ ಎತ್ಕೊಂಡು ಹೋದ್ರು. ಹಸಿ ಮೈ ಆರೋಕ್ಕೆ ಮುಂಚೆ ಅತ್ತೆ ಪೊರಕೆ ತಂದು ಕೈಗೆ ಕೊಟ್ರು. ಕೂಸೇ ಇಲ್ಲ ಅಂದ್ಮೇಲೆ ಯಾವ ಬಾಣಂತನ, ಏಳು ಅಂದ್ರು. ಎದ್ದೆ. ಗುಡಿಸ್ದೆ. ತಣ್ಣೀರಲ್ಲಿ ಬಟ್ಟೆ ಒಗ್ದೆ. ಎದೇಲಿ ಹಾಲು ಸುರೀತಿತ್ತು ಕಣೆ, ರವಿಕೆ ಎಲ್ಲ ಒದ್ದೆ. ಒಗೆಯೋ ನೀರು ಸಿಡಿದದ್ದು ಅಂತ ನೋಡಿದೋರು ಅಂದ್ಕೊಂಡ್ರು. ನಾನೂ ಹಂಗೇ ಅಂದೆ."

ಹೊರಗೆ ಎಲ್ಲಿಯೋ ಕಾಗೆ ಕೂಗುತ್ತಿತ್ತು. ಅವ್ವ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು.

"ಒಂದು ಲೋಟ ಮೆಣಸಿನ ಸಾರು ಯಾರಾದ್ರೂ ಕೊಡ್ತಾರಾ ಅಂತ ಕಾಯ್ತಿದ್ದೆ. ಸಾರಿನ ಆಸೆಗಲ್ಲ. ಕೊಟ್ಟಿದ್ರೆ, ಇವಳೂ ಹೆತ್ತವಳು ಅಂತ ಒಬ್ರಾದ್ರೂ ಒಪ್ಕೊಂಡ ಹಂಗಾಗ್ತಿತ್ತು. ಯಾರೂ ಕೊಡ್ಲಿಲ್ಲ. ಅದಕ್ಕೇ ಕುಮುದನಿಗೆ ಒಂದೂ ಕಮ್ಮಿ ಮಾಡ್ಬಾರ್ದು ಅಂತ... ನಾನು ಅವಳ ಎದೆ ಮೇಲೆ ಕಲ್ಲು ಹೇರ್ತಿದೀನಿ ಅಂತ ನನಗೆ ಗೊತ್ತಾಗ್ಲಿಲ್ಲ."

"ಅಪ್ಪ ಏನೂ ಅನ್ನಲಿಲ್ವಾ ಆಗ?"

"ತಾಯಿಗೆ ಎದುರಾಡೋರಲ್ಲ ಅವ್ರು. ಅವ್ರಿಗೂ ಏನು ವಯಸ್ಸು? ಏನೂ ಅನ್ಲಿಲ್ಲ. ಆಮೇಲೂ ಅನ್ಲಿಲ್ಲ. ಆ ಮಾತು ಅಲ್ಲಿಗೇ ಮುಗೀತು."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಒಬ್ಬ ಅಣ್ಣನಿದ್ದನೆಂದು ತಿಳಿದದ್ದು ಆ ಮಧ್ಯಾಹ್ನ. ಅವ್ವನಿಗೆ ಸಮಾಧಾನ ಹೇಳುವಷ್ಟು ದೊಡ್ಡವಳು ನಾನಾಗಿರಲಿಲ್ಲ. ಹೇಳುವುದಕ್ಕೆ ಅವಳು ಅವಕಾಶವನ್ನೂ ಕೊಡಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದಳು. ಕೆಟ್ಟ ಸೂಪನ್ನು ಪಕ್ಕಕ್ಕಿಟ್ಟಳು.

"ಇನ್ನೊಂದು ಸಲ ಮಾಡು. ನೀನು ತಿರುಗಿಸು, ನಾನು ಹುಯ್ತೀನಿ. ಇದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ."

ತರಕಾರಿ ಮತ್ತೆ ಬೆಂದಿತು. ನೀರು ಗಟ್ಟಿಯಾಗಿ ಹೊಳೆಯತೊಡಗಿದ ಮೇಲೆ ಉರಿ ತಗ್ಗಿಸಿ ನಾನು ಸೌಟನ್ನು ಒಂದೇ ಸಮ ತಿರುಗಿಸಿದೆ. ಅವ್ವ ಬಟ್ಟಲನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಆ ಸೂಪನ್ನು ಅವಳು ಹುಟ್ಟಿದಾರಭ್ಯ ಕಂಡವಳಲ್ಲ. ಆದರೂ ಅವಳ ಕೈಯಿಂದ ಮೊಟ್ಟೆ ದಾರದಂತೆ ಇಳಿಯಿತು, ಎಲ್ಲಿಯೂ ಕಡಿಯಲಿಲ್ಲ. ತಳಕ್ಕೆ ಹೋಗಿ ಕಾಣೆಯಾಯಿತು. ಇಬ್ಬರೂ ಬಗ್ಗಿ ನೋಡಿದೆವು. ಮೆಲ್ಲಗೆ, ಎಳೆ ಎಳೆಯಾಗಿ ಮೇಲೆ ಬಂತು.

"ಬಂತು" ಅಂದಳು ಅವ್ವ, ಪಿಸುಮಾತಿನಲ್ಲಿ.

ಆಗ ನಾನು ತಿರುಗಿ ನೋಡಿದರೆ ಅಕ್ಕ ನಿಂತಿದ್ದಳು. ಅವಳ ಕೋಣೆಗೂ ಅಡುಗೆಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಮಾಡಿನ ತನಕ ಮುಟ್ಟದ ಗೋಡೆ; ಇಲ್ಲಿ ಆಡಿದ್ದೆಲ್ಲ ಅಲ್ಲಿಗೆ ಕೇಳಿಸುತ್ತಿತ್ತು. ಯಾವಾಗ ಎದ್ದು ಬಂದಿದ್ದಳೋ. ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಹೊಟ್ಟೆಗೆ ಕಟ್ಟಿದ ಸೀರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವ್ವನನ್ನೇ ನೋಡುತ್ತಿದ್ದಳು. ಅವ್ವ ಗಡಿಬಿಡಿಯಿಂದ, "ಯಾಕೆ ಎದ್ದೆ? ಗಾಳಿಗೆ ನಿಲ್ಬೇಡ, ಹೋಗು ಮಲಗು, ಅಲ್ಲಿಗೇ ತರ್ತೀನಿ" ಅಂದಳು.

ಅಕ್ಕ ಹೋಗಲಿಲ್ಲ. ಒಳಗೆ ಬಂದು, ಗೂಡಿನಿಂದ ಒಂದು ಬಟ್ಟಲು ತೆಗೆದುಕೊಂಡು ಅದಕ್ಕೆ ತಾನೇ ಸೂಪು ಬಡಿಸಿದಳು. ಒಂದಿಷ್ಟು ಒಲೆಕಟ್ಟೆಯ ಮೇಲೆ ಚೆಲ್ಲಿತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವ್ವನ ಮುಂದೆ ಚಾಚಿದಳು.

"ನೀನು ತಗೋ ಮೊದಲು."

"ನಾನಾ? ನನಗೇನಾಗಿದೆ?"

"ಹೆತ್ತಿದ್ದೀಯಲ್ಲವ್ವ."

ಅವ್ವ ಅವಳ ಮುಖವನ್ನೇ ನೋಡಿದಳು. ಬಟ್ಟಲು ತೆಗೆದುಕೊಳ್ಳಲು ಚಾಚಿದ ಕೈ ಅರ್ಧದಲ್ಲೇ ನಿಂತಿತು. ಜೀವಮಾನವೆಲ್ಲ ಬಡಿಸಿದವಳಿಗೆ, ಬಡಿಸಿದ್ದನ್ನು ಹೇಗೆ ತೆಗೆದುಕೊಳ್ಳಬೇಕೆಂಬುದು ತಿಳಿಯದಂತಿತ್ತು. ಅಕ್ಕ ಅವಳನ್ನು ಮಣೆಯ ಮೇಲೆ ಕೂರಿಸಿದಳು, ತಾನೂ ಪಕ್ಕದಲ್ಲಿ ನೆಲದ ಮೇಲೆ ಕೂತಳು, ಚಮಚದಲ್ಲಿ ಸೂಪು ತೆಗೆದು ಊದಿ ಅವ್ವನ ಬಾಯಿಗಿಟ್ಟಳು.

ಅವ್ವ ನುಂಗಿದಳು. ಇನ್ನೊಂದು ಚಮಚ ನುಂಗಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸದ್ದಿಲ್ಲದ ಅಳು; ಭುಜಗಳು ಮಾತ್ರ ಅಲುಗುತ್ತಿದ್ದವು. ಆಗ ಅಕ್ಕನೂ ಅತ್ತಳು. ಹೆರಿಗೆಯಾದ ಮೇಲೆ ಮೊದಲ ಸಲ, ಮಕ್ಕಳು ಅಳುವ ಹಾಗೆ, ಬಾಯಿ ತೆರೆದು. ನಾನು ಒಲೆ ಆರಿಸಿ ಗೋಡೆಗೆ ಆತು ನಿಂತೆ.

ಅಳು ತಗ್ಗಿದ ಮೇಲೆ ಅಕ್ಕ ಅದೇ ಬಟ್ಟಲಿನಿಂದ ತಾನೂ ಕುಡಿದಳು. ಮೊದಲು ಒಂದು ಚಮಚ, ನಿಂತು, ಮತ್ತೊಂದು. ಅವ್ವ ರೂಢಿಯಂತೆ ಕೈ ಚಾಚಿ ಬಾಣಂತಿ ಖಾರದ ಡಬ್ಬಿಯನ್ನು ತೆಗೆದವಳು, ಏನೋ ನೆನಪಾಗಿ ಹಾಗೆಯೇ ಹಿಂದಕ್ಕಿಟ್ಟಳು. ಅಕ್ಕ ಅದನ್ನು ನೋಡಿದಳು.

"ಇವತ್ತು ಬೇಡ" ಅಂದಳು. "ನಾಳೆ ಹಾಕು."

ಮುಂದೆ ಎಲ್ಲ ಸರಿಹೋಯಿತೆಂದು ಹೇಳಿದರೆ ಅದು ಕತೆಗಾಗಿ ಹೇಳಿದ ಮಾತಾದೀತು. ಅಕ್ಕ ಬೇಗ ಚೇತರಿಸಿಕೊಳ್ಳಲಿಲ್ಲ. ಎಷ್ಟೋ ದಿನ ತಟ್ಟೆ ಅರ್ಧಕ್ಕೇ ವಾಪಸು ಬಂತು. ಆದರೆ ಅರ್ಧ ಖಾಲಿಯಾಗಿ ಬಂತು. ಬಾಣಂತನದ ದಿನಗಳನ್ನು ಪೂರ್ತಿ ಮುಗಿಸಿಯೇ ಅವಳು ಗಂಡನ ಮನೆಗೆ ಹೋದಳು. ಕೆಲವು ವರ್ಷಗಳ ಮೇಲೆ ಅವಳಿಗೆ ಮಗಳು ಹುಟ್ಟಿದಾಗ, ಯಾರೋ "ಮೊದಲನೇದಾ?" ಎಂದು ಕೇಳಿದರು. ಅಕ್ಕ, "ಅಲ್ಲ, ಎರಡನೇದು" ಅಂದಳು. ಪಕ್ಕದಲ್ಲಿದ್ದ ಅವ್ವ ಅದನ್ನು ಕೇಳಿಸಿಕೊಂಡು, ತನ್ನಷ್ಟಕ್ಕೆ ತಾನೇ ತಲೆದೂಗಿದ್ದು ನನಗೆ ನೆನಪಿದೆ. ಅವ್ವ ಈಗಿಲ್ಲ. ಅವಳು ಹೆತ್ತದ್ದು ಮೂವರನ್ನು ಎಂದೇ ನಾವು ಹೇಳುವುದು.

ಸೂಪು ಕುಡಿದ ಆ ಮಧ್ಯಾಹ್ನ ಇಬ್ಬರೂ ಅಕ್ಕನ ಕೋಣೆಯಲ್ಲಿ ಮಲಗಿಬಿಟ್ಟರು. ಅಕ್ಕ ಅವ್ವನನ್ನು ತನ್ನ ಹಾಸಿಗೆಗೇ ಎಳೆದುಕೊಂಡು, ಹೊದಿಕೆಯನ್ನು ಇಬ್ಬರ ಮೇಲೂ ಹೊದೆಸಿದಳು. ಹಗಲು ಹೊತ್ತಿನಲ್ಲಿ ಅವ್ವ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಯಿ ಸ್ವಲ್ಪ ತೆರೆದಿತ್ತು, ಹುಬ್ಬುಗಳ ನಡುವಿನ ಗೆರೆ ಸಡಿಲಗೊಂಡಿತ್ತು. ನಾನು ಬಾಗಿಲನ್ನು ಮುಂದಕ್ಕೆ ಮಾಡಿ ನಡುಮನೆಯ ಕಿಟಕಿಯ ಹತ್ತಿರ ಬಂದು ಕೂತೆ. ಅಪ್ಪ ಆಗಲೇ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದ ಇದ್ದರೋ, ಏನೇನು ಕೇಳಿಸಿಕೊಂಡಿದ್ದರೋ, ನನಗೆ ತಿಳಿಯದು. ನೀರು ಬಿಡುವ ಉದ್ದನೆಯ ಕಬ್ಬಿಣದ ಕೀಲಿ ತೊಡೆಯ ಮೇಲಿತ್ತು. ಊಟ ಹಾಕಿ ಎಂದು ಕೂಗಲಿಲ್ಲ, ಒಳಗೂ ಬರಲಿಲ್ಲ.

ಆ ಹೊತ್ತಿಗೆ ಬೀದಿಯಲ್ಲಿ ಭಾವ ಬರುವುದು ಕಾಣಿಸಿತು. ಮುನ್ಸೂಚನೆ ಇಲ್ಲದೆ ಹೊರಟು ಬಂದಿದ್ದರು. ಕೈಯಲ್ಲಿ ಅದೇ ಚೀಲ, ಪ್ರಯಾಣದ ಧೂಳು. ಮೆಟ್ಟಿಲ ಹತ್ತಿರ ಬಂದು, "ಹೇಗಿದ್ದಾಳೆ ಮಾವ?" ಎಂದು ಕೇಳಿದರು.

"ಮೆಲ್ಲಗೆ ಮಾತಾಡಿ" ಅಂದರು ಅಪ್ಪ. "ಒಳಗೆ ಬಾಣಂತಿಯರು ಮಲಗಿದ್ದಾರೆ."

ಭಾವನಿಗೆ ಏನು ಅರ್ಥವಾಯಿತೋ, ಚಪ್ಪಲಿ ಕಳಚಿ, ಚೀಲವನ್ನು ಸದ್ದಾಗದಂತೆ ಕೆಳಗಿಟ್ಟು, ಅಪ್ಪನ ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಐಸ್‌ಕ್ಯಾಂಡಿಯವನು ಗಾಡಿ ತಳ್ಳಿಕೊಂಡು, ದೊಡ್ಡ ಗಂಟಲಲ್ಲಿ ಕೂಗುತ್ತ ನಮ್ಮ ಬೀದಿಗೆ ತಿರುಗಿದ. ಅಪ್ಪ ಕೂತಲ್ಲಿಂದಲೇ ಅವನ ಕಡೆ ಕೈಯೆತ್ತಿದರು. ಅವನು ಕೂಗು ನಿಲ್ಲಿಸಿದ. ಗಾಡಿಯ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕಲ್ಲುಗಳನ್ನು ತಪ್ಪಿಸುತ್ತ ಮೆಲ್ಲಗೆ ನಮ್ಮ ಮನೆಯನ್ನು ದಾಟಿದ. ಬೀದಿಯ ತಿರುವಿನಾಚೆ ಮರೆಯಾದ ಮೇಲೆಯೇ, ದೂರದಲ್ಲಿ, ಅವನು ಮತ್ತೆ ಕೂಗಿದ್ದು ಕೇಳಿಸಿತು.